ಕೆಂದಿ ಬದಲಾಗಿರಲಿಲ್ಲವಂತೆ

"ಗಬ್ಬದ ಹಸೂಗೆ ಬೆದೆ ಇಂಜೆಕ್ಷನ್ ಚುಚ್ಚಿಸಿದೆಯಲ್ಲೇ ರುದ್ರಿ! ನಿನ್ನ ಕಂಪ್ಯೂಟರ್ ಡಬ್ಬಕ್ಕೆ ಕಣ್ಣಿಲ್ವಾ?"

ಮುದ್ದಮ್ಮ ಡೈರಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಹಿಂದೆ ಹಾಲು ಹಾಕಲು ಬಂದ ಹೆಂಗಸರ ಸಾಲು.

"ಒಳಗೆ ಬಂದು ಮಾತಾಡು. ಬೀದೀಲಿ ಯಾಕೆ ಗಂಟಲು ಹರ್ಕೊಳ್ತೀಯಾ?" ನಾನೂ ಅಷ್ಟೇ ಜೋರಾಗಿ ಕೂಗಿದೆ.

"ನಂಗೆ ನಿನ್ನ ಸಂಘಾನೇ ಬ್ಯಾಡ ಕಣೇ. ನನ್ನ ಹೆಸರು ತೆಗೆದುಹಾಕು."

ಮಾದಿಹಳ್ಳಿಯ ಆಚೆ ಇರುವ ನಮ್ಮ ಹೊಂಗೆಕೊಪ್ಪಲಿನಲ್ಲಿ ಮನೆಮನೆ ಅಲೆದು ಹೆಂಗಸರ ಹಾಲಿನ ಸಂಘ ಕಟ್ಟಿದವರು ನಾವಿಬ್ಬರೇ. ನಾನು ಕಾರ್ಯದರ್ಶಿ ಅಷ್ಟೇ, ಬಲ ಅವಳದು. ಅವಳು ಹೋದರೆ ನನಗೆ ಡೈರಿಯಲ್ಲಿ ಏನು ಉಳಿಯುತ್ತೆ?

ಆಗಿದ್ದು ಇಷ್ಟು. ಅವಳ ಹಸು ಕೆಂದಿ ಗಬ್ಬ ನಿಂತಿದೆ ಅಂತ ಎರಡು ವಾರ ಹಿಂದೆಯೇ ಹೇಳಿಹೋಗಿದ್ದಳು, ನಾನೂ ಕಂಪ್ಯೂಟರಿಗೆ ಹಾಕಿದ್ದೆ. ಅವಳು ಅರಸೀಕೆರೆಗೆ ತಂಗಿ ಮನೆಗೆ ಹೋಗಿದ್ದಾಗ ಬೆದೆಗೆ ಬಾರದ ಹಸುಗಳ ಕ್ಯಾಂಪ್ ಆಯಿತು. ಕಂಪ್ಯೂಟರ್ ಕೆಂದಿಯನ್ನೂ ಅದರ ಪಟ್ಟಿಯಲ್ಲಿ ಸೇರಿಸಿತ್ತು. ಪಕ್ಕದ ಮನೆಯವರು ಹೊಡೆದುಕೊಂಡು ಬಂದರು. ಇಂಜೆಕ್ಷನ್ ಚುಚ್ಚಿದ ಮೇಲೆ ಹೊಟ್ಟೆಯಲ್ಲಿದ್ದ ಕರು ಬಿದ್ದುಹೋಯಿತು.

ಸಮ್ಯಕ್ ಕಂಪ್ಯೂಟರ್ ಮುಂದೆ ತಲೆ ತಗ್ಗಿಸಿ ಕೂತಿದ್ದ. ಹಳೇಬೀಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವನೇ ಎರಡು ಸಾವಿರದ ಎಂಟರಲ್ಲಿ ನಮಗೆ ಪ್ರೋಗ್ರಾಂ ಬರೆದುಕೊಟ್ಟವನು.

"ಪರದೆ ಮೇಲೆ ಗಬ್ಬ ಅಂತ ಕಣ್ಣಾರೆ ನೋಡಿದ್ದೀನಲ್ಲೋ! ಎಲ್ಲಿಗೋಯ್ತು?" ಅಂತ ಅವನ ಮೇಲೆ ಹರಿಹಾಯ್ದೆ.

"ತಪ್ಪು ನಂದೇ ಅಕ್ಕ. ನಾವು ಪರದೇಲಿ ತೆರೆದ ಹಸುಗಳ ವಿವರಾನೆಲ್ಲ ಪ್ರೋಗ್ರಾಂ ಡೇಟಾಬೇಸ್‌ನಿಂದ ತಂದು ತನ್ನ ಮುಂದೆ ಇಟ್ಕೊಳ್ಳುತ್ತೆ. ಅದನ್ನ ಸೆಷನ್ ಅಂತೀವಿ. ಯಾವ ಹಸು ಬದಲಾಯ್ತು ಅಂತ ಗುರುತಿಟ್ಕೊಂಡು, ಸೇವ್ ಮಾಡಿದಾಗ ಅಷ್ಟನ್ನೇ ಬರೆಯುತ್ತೆ."

"ನನ್ನ ಕೆಂದಿ?" ಅಂದಳು ಮುದ್ದಮ್ಮ.

"ಕೆಂದಿಯ ಕರು, ಕಾಯಿಲೆ, ಎಲ್ಲ ಒಂದೇ ಪಟ್ಟಿಲಿ ಇಟ್ಟಿದ್ದೆ. ನೀವು ಹಾಕಿದ ಗಬ್ಬ ಆ ಹಳೇ ಪಟ್ಟಿಯೊಳಗೇ ಸೇರೋ ಹಾಗೆ ಪ್ರೋಗ್ರಾಂ ಬರೆದುಬಿಟ್ಟಿದ್ದೆ. ಪಟ್ಟಿನೇ ತೆಗೆದು ಹೊಸದು ಇಟ್ಟಿದ್ರೆ ಸೆಷನ್‌ಗೆ ಗೊತ್ತಾಗ್ತಿತ್ತು. ಒಳಗೆ ಸೇರಿದ್ದು ಅದಕ್ಕೆ ಕಾಣಲ್ಲ. ಕೆಂದಿ ಬದಲಾಗಿಲ್ಲ ಅಂದ್ಕೊಂಡು ಬರೀದೆ ಬಿಟ್ಟಿತು. ಕಂಪ್ಯೂಟರ್ ಆರಿಸಿದ ಮೇಲೆ ಪರದೇಲಿ ಇದ್ದದ್ದೂ ಹೋಯ್ತು."

"ಬದಲಾಗಿಲ್ವಂತೆ! ಹೊಟ್ಟೇಲಿ ಕರು ಇತ್ತು, ಹಸು ಬದಲಾಗಿಲ್ವಂತೆ ಕಣ್ರೇ!" ಮುದ್ದಮ್ಮ ಹಿಂದಕ್ಕೆ ತಿರುಗಿ ಕೂಗಿದಳು. ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ.

ಕಂಪ್ಯೂಟರ್ ಬರುವ ಮೊದಲು ನಮ್ಮಲ್ಲಿ ಒಂದು ರೂಢಿ ಇತ್ತು. ಹಸು ಬೆದೆಗೆ ಬರಲಿ, ಗಬ್ಬ ನಿಲ್ಲಲಿ, ಕೆಚ್ಚಲು ಬಾತುಕೊಳ್ಳಲಿ, ಹಾಲಿನ ಕ್ಯಾನಿನ ಮುಚ್ಚಳಕ್ಕೆ ಸುಣ್ಣದ ಬೊಟ್ಟು ಇಟ್ಟು ತರಬೇಕು. ಬೊಟ್ಟು ಕಂಡರೆ ಸಾಲು ನಿಲ್ಲಿಸಿ "ಏನಾಯ್ತೇ?" ಅಂತ ಕೇಳುತ್ತಿದ್ದೆ. ಹಸುವಿನಿಂದ ಶುರುವಾದ ಮಾತು ಸೊಸೆಗೆ ಹೋಗಿ, ಮಂಡಿನೋವಿಗೆ ಹೋಗಿ, ಹಿಂದಿನವರು ಬೈದ ಮೇಲೇ ನಿಲ್ಲುತ್ತಿತ್ತು. ಮುದ್ದಮ್ಮ ಏನೂ ಇಲ್ಲದ ದಿನವೂ ಬೊಟ್ಟು ಇಟ್ಟು ತರುತ್ತಿದ್ದಳು. "ಏನಿಲ್ಲ ಕಣೇ, ನಿನ್ನತ್ರ ಮಾತಾಡಾನ ಅಂತ" ಅನ್ನುತ್ತಿದ್ದಳು. ಹಾಲಿನ ಬಿಸಿ ವಾಸನೆ, ಕೆರೆ ಕಡೆಯ ಗಾಳಿ, ಆ ನಗು. ಕಂಪ್ಯೂಟರ್ ಬಂದ ಮೇಲೆ ಬೊಟ್ಟು ನಿಂತಿತು, ಅಂಥ ಬೆಳಗುಗಳು ಮತ್ತೆ ಬರಲಿಲ್ಲ.

ಸಮ್ಯಕ್ ಅಲ್ಲೇ ಕೂತು ಸರಿಮಾಡಿದ. ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ ತೋರಿಸಿದ. "ನೋಡಿ ಅಕ್ಕ, ಈಗ ಬರೆದದ್ದು ಉಳಿದಿದೆ."

ಮುದ್ದಮ್ಮ ಪರದೆಯನ್ನು ನೋಡಿದಳು. "ಕರು?" ಅಂದಳು.

ಸಮ್ಯಕ್ ಎದ್ದು ಕುರ್ಚಿ ಹಿಂದಕ್ಕೆ ಸರಿಸಿದ.

"ಇರೇ ಮುದ್ದಿ," ಅಂದೆ. ನನಗೆ ಮೆತ್ತಗೆ ಮಾತಾಡಿ ಗೊತ್ತಿಲ್ಲ, ಅದೂ ಬೈಗುಳದ ಹಾಗೇ ಬಂತು.

"ಅವನ ಮೇಲೆ ಸಿಟ್ಟಿಲ್ಲ ಕಣೇ. ಅವನು ನನ್ನ ಕೊಟ್ಟಿಗೆ ನೋಡಿದೋನಲ್ಲ. ಗಬ್ಬ ಅಂತ ನಾನು ಹೇಳಿದ್ದು ನಿಂಗೆ."

ಕ್ಯಾನ್ ಎತ್ತಿ ಸೊಂಟಕ್ಕಿಟ್ಟುಕೊಂಡು ಸಾಲನ್ನು ಸೀಳಿಕೊಂಡು ಹೋದಳು. ಹಳೇಬೀಡಿನ ಹೋಟೆಲಿಗೆ ಹಾಲು ಕೊಡುತ್ತಾಳೆ ಅಂತ ಆಮೇಲೆ ಕೇಳಿದೆ. ನಮ್ಮ ಡೈರಿಯ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಿಲ್ಲ.