ನನ್ನ ಎತ್ತರದ ಬಾಗಿಲು

ಮೊದಲೇ ಹೇಳಿಬಿಡ್ತೀನಿ, ನಾನು ಎತ್ತರ. ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಜನ ಫೋನಿನಲ್ಲಿ "ಅಲ್ಲೊಬ್ಬಳು ಎತ್ತರದ ಹೆಂಗಸು ಕಾಣ್ತಾಳಲ್ಲ, ಅವಳ ಪಕ್ಕ ನಿಂತಿರು, ಬಂದೆ" ಅಂತ ನನ್ನನ್ನೇ ಗುರುತು ಇಟ್ಕೊಳ್ಳುವಷ್ಟು ಎತ್ತರ. ಬೀದಿಯಲ್ಲಿ ನನಗೆ ಕಂಬ ಅಂತಲೇ ಹೆಸರು. ಕೆಲಸ ಬಸ್ ಡಿಪೋದಲ್ಲಿ, ಬಸ್ಸು ತೊಳೆಯೋದು. ಉಳಿದವರಿಗೆಲ್ಲ ಏಣಿ ಬೇಕು, ನನಗೆ ಬಕೆಟ್ಟು ಬ್ರಷ್ಷು ಇದ್ರೆ ಸಾಕು. ನನ್ನ ಗಂಡ ಲಾರಿ ಮೆಕ್ಯಾನಿಕ್ಕು, ನನ್ನ ಭುಜಕ್ಕೆ ಬರ್ತಾರೆ. ಮದುವೆ ಫೋಟೋದಲ್ಲಿ ನಾನು ಕೂತಿದೀನಿ, ಅವರು ನಿಂತಿದಾರೆ, ಆದ್ರೂ ಇಬ್ಬರ ತಲೆ ಸಮಸಮ. ಅತ್ತೆ ನನ್ನ ಮೊಣಕೈಗೆ ಬಂದರೆ ಹೆಚ್ಚು. ಬಾಯಿ ಮಾತ್ರ ನಮ್ಮೆಲ್ಲರಿಗಿಂತ ಒಂದು ಕೈ ಮೇಲೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನ್ನ ಕಾಲಿಗೆ ಸಾಲುವ ಹಾಸಿಗೆನೇ ಯಾರೂ ಮಾಡಿಲ್ಲ, ಏನ್ ಚಾಚಲಿ? ಬಾಡಿಗೆ ಮನೆಗಳಂತೂ ಕೇಳಬೇಡಿ. ಮದುವೆಯಾದಾಗಿಂದ ಎಷ್ಟು ಮನೆ ಬದಲಾಯಿಸಿದೀವೋ ಅಷ್ಟರಲ್ಲೂ ಹಣೆ ಚಚ್ಚಿಸಿಕೊಂಡಿದೀನಿ. ಎಡ ಹುಬ್ಬಿನ ಮೇಲಿನ ಗಾಯ ಒಂದು ಅಡುಗೆಮನೆ ಬಾಗಿಲು ಕೊಟ್ಟಿದ್ದು, ಬಲಗಡೆಯದು ಬಚ್ಚಲಮನೆಯದ್ದು. ನಾನು ಬಾಗಿಲ ಹತ್ತಿರ ಹೋಗ್ತೀನಿ ಅಂದ್ರೆ ಸಾಕು, ಅತ್ತೆ ಎಲ್ಲಿದ್ದರೂ "ತಲೆ!" ಅಂತ ಕೂಗೋರು. ನಿದ್ದೆಯಲ್ಲಿದ್ದಾಗಲೂ ಕೂಗಿದ್ದುಂಟು. ನನ್ನನ್ನ ಅವರು ಒಂದು ದಿನವೂ ಬಾಯ್ತುಂಬ ಹೊಗಳಿದವರಲ್ಲ. ಆದ್ರೆ ಆ ಕೂಗು ಇಲ್ಲದೇ ಇದ್ದಿದ್ರೆ ನನ್ನ ಹಣೆ ಇಷ್ಟಾದ್ರೂ ಉಳೀತಿರಲಿಲ್ಲ.

ನಂದೇನೋ ಆಯ್ತು, ಅಭ್ಯಾಸ. ಕಷ್ಟ ಶುರುವಾಗಿದ್ದು ಮಗಳಿಂದ. ಹೈಸ್ಕೂಲು ಮುಟ್ಟಿದ್ದೇ ತಡ, ಹುಡುಗಿ ನನ್ನ ಹಾಗೇ ಸರಸರ ಬೆಳೆದಳು. ಒಂದು ದಿನ ಹಲ್ಲುನೋವು ಅಂತ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದೆ. ಆ ಆಸ್ಪತ್ರೆ ಹೆಬ್ಬಾಗಿಲು ಇದೆಯಲ್ಲ, ಅದರೊಳಗೆ ಡಬಲ್ ಡೆಕ್ಕರ್ ಬಸ್ಸು ನುಗ್ಗಿಸಬಹುದು. ಅಂಥಾ ಬಾಗಿಲಿಗೆ ನನ್ನ ಮಗಳು ತಲೆ ತಗ್ಗಿಸಿ, ಬೆನ್ನು ಗೂನು ಮಾಡಿಕೊಂಡು ಒಳಗೆ ಹೋದಳು.

"ಯಾಕೇ ಬಗ್ಗಿದೆ?" ಅಂದೆ.

"ಬಗ್ಗಿದ್ನಾ? ಎಲ್ಲಮ್ಮಾ?" ಅಂದಳು.

ಬಗ್ಗಿದ್ದು ಅವಳಿಗೇ ಗೊತ್ತಿಲ್ಲ! ಅವತ್ತು ಮನೆಗೆ ಬಂದವಳೇ ಗಂಡನಿಗೆ ಹೇಳಿದೆ: "ನನಗೆ ಒಡವೆ ಬೇಡ, ಸೀರೆ ಬೇಡ. ನಾನೂ ನನ್ನ ಮಗಳೂ ತಲೆ ಬಗ್ಗಿಸದೆ ಓಡಾಡೋಕೆ ಒಂದು ಮನೆ ಬೇಕು. ಎಲ್ಲಿಂದಾದ್ರೂ ತನ್ನಿ." ಅವರು ಒಂದು ನಟ್ಟು ತಿಕ್ಕುತ್ತಾ ಕೂತಿದ್ರು. "ಆಯ್ತು" ಅಂದ್ರು. ನನ್ನ ಗಂಡ 'ಆಯ್ತು' ಅಂದ್ರೆ ಆಯ್ತೇ, ಅದೊಂದು ಗುಣ.

ಊರಾಚೆ ಹೊಲಗಳ ನಡುವೆ ಒಂದು ಹಳೇ ಉಣ್ಣೆ ಗೋದಾಮು ಇತ್ತು. ಕುರಿ ಉಣ್ಣೆ ಕತ್ತರಿಸಿ, ಮೂಟೆ ಕಟ್ಟಿ ಒಟ್ಟುತ್ತಿದ್ದ ಜಾಗ. ಉದ್ದಕ್ಕೆ ಒಂದೇ ಒಂದು ಕೋಣೆ, ಮೊಳ ದಪ್ಪದ ಕಲ್ಲಿನ ಗೋಡೆ, ಹೆಂಚಿನ ಚಾವಣಿ, ತುಂಬ ಬಾವಲಿ. ನಮ್ಮ ಕೈಗೆ ಎಟುಕಿದ್ದು ಅದೊಂದೇ. ಬಾಗಿಲು ಎಷ್ಟು ಗಿಡ್ಡ ಅಂದ್ರೆ ನನ್ನ ಗಂಡನೇ ಬಗ್ಗಬೇಕಾಯ್ತು. ಹುಟ್ಟಿದಾಗಿಂದ ಬಾಗಿಲಿಗೆ ಬಗ್ಗದ ಮನುಷ್ಯ, ಪಾಪ, ಹಣೆ ಹೊಡೆಸಿಕೊಂಡ್ರು.

ಅತ್ತೆ ಒಳಗೆ ಇಣುಕಿ, "ಇಲ್ಲಿ ಕುರಿಗಳೂ ಬಗ್ಗಿಕೊಂಡೇ ಓಡಾಡಿರಬೇಕು" ಅಂದ್ರು.

ನಮ್ಮ ಭಾವ, ಅಂದ್ರೆ ಗಂಡನ ಅಣ್ಣ, ಅಷ್ಟಕ್ಕೆ ಬಿಡ್ತಾರಾ? "ಬೆಟ್ಟ ಅಗೆದು ಇಲಿ ಹಿಡಿದ್ರಂತೆ. ಎತ್ತರದ ಮನೆ ಬೇಕು ಅಂತ ಕುಣಿದು, ಕುರಿದೊಡ್ಡಿ ತಗೊಂಡ್ರಲ್ಲಪ್ಪ" ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದ್ರು. ನನಗೆ ಮೈಯೆಲ್ಲ ಉರಿದುಹೋಯ್ತು. ಗಂಡ ಮಾತ್ರ ತಲೆ ಎತ್ತಿ ಚಾವಣಿಯ ಮರ ನೋಡ್ತಿದ್ರು. ಬೆರಳಲ್ಲಿ ತಟ್ಟಿದ್ರು, ಕಿವಿಯಿಟ್ಟು ಕೇಳಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಮರ ಗಟ್ಟಿ ಇದೆ. ಬಿಚ್ಚೋದು ಬೇಡ. ಎತ್ತೋಣ" ಅಂದ್ರು.

ಎತ್ತೋಣ ಅಂದ್ರೆ ಇಡೀ ಚಾವಣೀನ, ಜಾಕ್ ಇಟ್ಟು!

ಮೇಸ್ತ್ರಿ ಅಂತ ಒಬ್ಬ ಮುದುಕ ಸಿಕ್ಕಿದ್ದ. ಕಲ್ಲಿನ ಕೆಲಸದಲ್ಲಿ ಪಳಗಿದ ಕೈ, ಮಾತು ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಅವತ್ತು ಅವನೂ ನೇರವಾಗಿ ಹೇಳಿದ: "ಅಯ್ಯಾ, ಇದು ಲಾರಿ ಅಲ್ಲ, ಮನೆ."

"ಲಾರಿಗಿಂತ ಸುಲಭ ಮೇಸ್ತ್ರಿ," ಅಂದ್ರು ನನ್ನ ಗಂಡ. "ಲಾರಿಗೆ ಚಕ್ರ ಇರತ್ತೆ, ಜಾರಿ ಓಡಿಹೋಗತ್ತೆ. ಇದು ಪಾಪ ಎಲ್ಲೂ ಓಡಲ್ಲ."

ಹೆಂಚು ಇಳಿಸಿ ಒಂದು ಕಡೆ ಒಟ್ಟಿದ್ವಿ. ಊರಿನ ಗ್ಯಾರೇಜುಗಳಲ್ಲಿದ್ದ ಜಾಕ್‌ಗಳೆಲ್ಲ ನಮ್ಮ ಗೋದಾಮಿಗೆ ಬಂದವು. ತೊಲೆಗೊಂದರಂತೆ ಇಟ್ಟಿಗೆ ಕಟ್ಟೆ, ಕಟ್ಟೆಯ ಮೇಲೆ ಜಾಕ್, ಜಾಕ್‌ಗೊಬ್ಬ ಮೆಕ್ಯಾನಿಕ್ಕು. ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಒಬ್ಬ ಮುಂದೆ ಹೋದ, ಒಬ್ಬ ಹಿಂದೆ ಬಿದ್ದ ಅಂದ್ರೆ ಚಾವಣಿ ಸೊಟ್ಟಗಾಗಿ ತಲೆ ಮೇಲೆ ಬರತ್ತೆ. ಕೂಗಿ ಹೇಳೋ ಕೆಲಸ ನಂದು. ಡಿಪೋದಲ್ಲಿ ಇಂಜಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ಹಾಗಿದೆ.

"ಒಂದು ಸುತ್ತು!" ಅಂತ ಕೂಗ್ತಿದ್ದೆ. ಎಲ್ಲರೂ ತಿರುಗಿಸೋರು. ಮರ ಕಿರ್ ಅನ್ನೋದು, ಸಂದಿಗೆ ಹಲಗೆ ತುಂಡು ತೂರಿಸೋರು. ಮತ್ತೆ "ಒಂದು ಸುತ್ತು!" ಬೇಲಿಯಾಚೆ ಊರಿಗೂರೇ ಬಂದು ನಿಂತಿತ್ತು, ಮುಂದುಗಡೆ ನಮ್ಮ ಭಾವ. ಒಂದು ಮೂಲೆ ಮಾತ್ರ ಮೊಂಡು ಹಿಡೀತು. ತೊಲೆ ತುದಿ ಕಲ್ಲಿನೊಳಗೆ ಹೂತು ಕಚ್ಚಿಕೊಂಡಿತ್ತು. ಪಟ್ ಅಂತ ಸದ್ದು ಬಂತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಗಂಡ ಗೋಡೆ ಹತ್ತಿ, ಹಾರೆ ತೂರಿಸಿ ಒಂದು ಮೀಟು ಮೀಟಿದ್ರು. ಕಲ್ಲು ಬಿಟ್ಟುಕೊಡ್ತು.

"ಒಂದು ಸುತ್ತು!"

ಗೋಡೆಗೂ ಚಾವಣಿಗೂ ನಡುವೆ ಸುತ್ತಲೂ ಬೆಳಕು ಬಂತು. ಇಡೀ ಚಾವಣಿ ಗೋಡೆ ಬಿಟ್ಟು ನಿಂತಿತ್ತು. ಆ ಬೆಳಕಿನಲ್ಲಿ ಆಚೆಯ ಹೊಲ ಕಾಣ್ತಿತ್ತು, ಹೊಲದಲ್ಲಿ ಎರಡು ಹಸು ಕಾಣ್ತಿದ್ದವು. ನಾನು ಕೂಗೋದು ಬಿಟ್ಟು ಗೊಳೋ ಅಂತ ಅತ್ತುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಭಾವ ತಟ್ಟಿದ್ರೋ ಇಲ್ವೋ ನೋಡಲಿಲ್ಲ, ನೋಡಬೇಕು ಅಂತ ಅನಿಸಲೂ ಇಲ್ಲ.

ಆಮೇಲೆ ಮೇಸ್ತ್ರಿ ಗೋಡೆ ಎತ್ತರಿಸಿ ಚಾವಣಿ ಕೂರಿಸಿದ. ಹಳೇ ಗೂಡಿನಂಥ ಬಾಗಿಲನ್ನ ಒಡೆದುಹಾಕಿದ. ಹೊಸ ಬಾಗಿಲುಗಳಿಗೆ ಅಳತೆ ತಗೋಬೇಕಲ್ಲ, ಒಂದು ಕೋಲು ಹಿಡಿದು ಬಂದ.

"ಬಾಮ್ಮ, ಗೋಡೆಗೆ ಆನಿಕೊಂಡು ನೆಟ್ಟಗೆ ನಿಂತ್ಕೋ" ಅಂದ. ನಿಂತೆ. ತಲೆ ಮೇಲೆ ಕೋಲು ಇಟ್ಟು, ಸ್ವಲ್ಪ ಹೊತ್ತು ನೋಡಿ, "ನೆಟ್ಟಗೆ ನಿಂತಿದೀಯಾ?" ಅಂದ.

"ನೆಟ್ಟಗೇ ನಿಂತಿದೀನಿ ಕಣಯ್ಯಾ! ಇನ್ನೇನು ನೇತು ಹಾಕ್ಕೋಬೇಕಾ?" ಅಂತ ರೇಗಿದೆ. ಅವನು ಗೋಡೆಯ ಮೇಲೆ ಗೀಟು ಎಳೆದ, ಅದರ ಮೇಲೆ ನಾಲ್ಕು ಬೆರಳು ಸೇರಿಸಿಕೊಂಡ. ಆ ಅಳತೆಯಲ್ಲೇ ಬಡಗಿ ಎಲ್ಲ ಬಾಗಿಲನ್ನೂ ಮಾಡಿದ.

ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಹಿಂದುಗಡೆಗೆ ಮನೆ ಬೆಳೆಸಿದ್ವಿ: ಅಡುಗೆಮನೆ, ಎರಡು ಕೋಣೆ, ಬಚ್ಚಲು. ಹಳೇ ಕಲ್ಲಿಗೂ ಹೊಸ ಇಟ್ಟಿಗೆಗೂ ಹೊಂದಾಣಿಕೆ ಆಗೋಷ್ಟರಲ್ಲಿ ನನಗೂ ಅತ್ತೆಗೂ ಎಷ್ಟು ಜಗಳ! ತಮ್ಮ ಎತ್ತರಕ್ಕೂ ಒಂದು ಇರಲಿ ಅಂತ ಪಟ್ಟು ಹಿಡಿದು ಅವರು ಪಡಸಾಲೆಯಲ್ಲಿ ಒಂದು ಗಿಡ್ಡ ಕಿಟಕಿ ಇಡಿಸಿಕೊಂಡ್ರು. ಕೂತಲ್ಲೇ ದಾರಿಹೋಕರನ್ನ ವಿಚಾರಿಸಿಕೊಳ್ಳೋಕೆ ಹೇಳಿ ಮಾಡಿಸಿದ ಕಿಟಕಿ. ಗೋಡೆಗೆ ಎಷ್ಟು ಸಲ ಸುಣ್ಣ ಬಳಿದ್ರೂ ಒದ್ದೆ ಹವೆಗೆ ಕುರಿ ವಾಸನೆ ಬರ್ತಿತ್ತು. ಬರಲಿ, ಅವೇ ಅಲ್ವಾ ಮೊದಲಿನ ಮಾಲೀಕರು.

ಕೊನೆಗೂ ನಾವು ಒಳಗೆ ಹೋಗೋ ದಿನ ಬಂತು. ನೆಂಟರು, ಗ್ಯಾರೇಜಿನವರು, ಡಿಪೋದವರು, ಮೇಸ್ತ್ರಿ, ಬಡಗಿ ಎಲ್ಲರನ್ನೂ ಕರೆದಿದ್ದೆ. ಮುಖ್ಯವಾಗಿ ಭಾವನನ್ನ. ಇಷ್ಟು ದಿನ ಆ ಬಾಗಿಲುಗಳಲ್ಲಿ ಗಾರೆ ಬಾಣಲಿ ಹೊತ್ತು, ಸಾಮಾನು ಹೊತ್ತು ನೂರು ಸಲ ಓಡಾಡಿದ್ದೆ. ಆದ್ರೆ ಅವತ್ತು ಹೋಗೋದು ಬೇರೆ. ಎಲ್ಲರ ಮುಂದೆ ಎದೆ ಸೆಟೆಸಿ, ಕತ್ತು ಎತ್ತಿ ಹೊರಟೆ. ಅಭ್ಯಾಸಬಲ, ಅತ್ತೆ "ತಲೆ!" ಅಂದ್ರು.

"ಇದು ನನ್ನ ಮನೆ ಅತ್ತೆ, ಇನ್ಮೇಲೆ ಕೂಗಬೇಡಿ" ಅಂತ ನಕ್ಕು ಹೆಜ್ಜೆ ಇಟ್ಟೆ.

ಧಡ್!

ಕಣ್ಣಲ್ಲಿ ನಕ್ಷತ್ರ ಕುಣಿದವು. ಹಣೆ ಹಿಡ್ಕೊಂಡು ಹೊಸಿಲ ಮೇಲೆ ಕೂತೆ. ಭಾವ ಹೋ ಹೋ ಅಂತ ನಕ್ಕರು.

"ಮೇಸ್ತ್ರೀ!" ಅಂತ ನಾನು ಕಿರುಚಿದ್ದು ಆಚೆ ಹೊಲದ ಹಸುಗಳಿಗೂ ಕೇಳಿರಬೇಕು. ಅವನು ಓಡಿಬಂದ. ಅಳತೆ ಕೋಲು ತಂದ, ಬಾಗಿಲಿಗೆ ಇಟ್ಟ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. "ನಿನ್ನ ಅಳತೇನೇ ಅಮ್ಮ," ಅಂದ, ಅಳೋ ದನಿಯಲ್ಲಿ. "ಮತ್ತೆ ನಾಲ್ಕು ಬೆರಳು ಬೇರೆ ಸೇರಿಸಿದೀನಿ."

"ಹಾಗಾದ್ರೆ ರಾತ್ರೋರಾತ್ರಿ ನಾನು ಬೆಳೆದ್ನಾ?"

ಅತ್ತೆ ಹತ್ತಿರ ಬಂದು ನನ್ನನ್ನ ಕೆಳಗಿಂದ ಮೇಲಕ್ಕೆ ನೋಡಿದ್ರು. "ಅಳತೆ ಸರಿ ಇದೆ. ನಿಂತವಳು ಸರಿ ಇರಲಿಲ್ಲ," ಅಂದ್ರು. "ನೆಟ್ಟಗೆ ನಿಲ್ಲು ಅಂದಾಗ ನೀನು ಬಗ್ಗಿ ನಿಂತಿದ್ದೆ ಕಣೇ. ನಿನಗೆ ನೆಟ್ಟಗೆ ಅಂದ್ರೆ ಅದೇ ಆಗಿಹೋಗಿದೆ. ಇಷ್ಟು ದಿನ ಇದೇ ಬಾಗಿಲಲ್ಲಿ ಬಗ್ಗಿಕೊಂಡೇ ಓಡಾಡಿದೆ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಗಿಡವಾಗಿ ಬಗ್ಗಿಸಿದ್ದು ಮರವಾದ್ಮೇಲೆ ತಾನಾಗಿ ನೆಟ್ಟಗಾಗತ್ತಾ?"

ಚಾವಣಿ ಎತ್ತಿದ್ವಿ, ಗೋಡೆ ಎತ್ತಿದ್ವಿ. ಆಮೇಲೆ ನಾನೇ ಬಗ್ಗಿ ನಿಂತು, ಬಾಗಿಲನ್ನೆಲ್ಲ ಗಿಡ್ಡ ಮಾಡಿಬಿಟ್ಟಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ ಇರಬೇಕು.

ಭಾವ ನಗು ನಿಲ್ಲಿಸಿ, ಸಮಾಧಾನದ ದನಿಯಲ್ಲಿ ಅಂದ್ರು: "ಹೋಗ್ಲಿ ಬಿಡಮ್ಮ. ಗಾರೆ ಆಗಿದೆ, ಬಣ್ಣ ಆಗಿದೆ. ಇಷ್ಟು ವರ್ಷ ಬಗ್ಗಿಲ್ವಾ? ಇನ್ನೊಂಚೂರು ಬಗ್ಗಿದ್ರೆ ನಿನ್ನ ಗಂಟೇನು ಹೋಗತ್ತೆ?" ಬಂದವರೂ ಹೌದು ಹೌದು ಅಂದ್ರು. ಸುಳ್ಳು ಯಾಕೆ ಹೇಳಲಿ, ನನಗೂ ಸಾಕಾಗಿತ್ತು. ಹೋಗ್ಲಿ ಬಿಡಿ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು.

ಅಷ್ಟರಲ್ಲಿ ಮಗಳು ನನ್ನ ಪಕ್ಕ ಕೂತು, ಹಣೆ ಸವರಿ, "ಅಳಬೇಡಮ್ಮ, ನಾನೂ ಬಗ್ತೀನಿ. ನನಗೇನೂ ಕಷ್ಟ ಇಲ್ಲ" ಅಂದಳು.

ನಾನು ಗಂಡನಿಗಾಗಿ ಸುತ್ತ ನೋಡಿದೆ. ಅವರು ಅಲ್ಲಿರಲಿಲ್ಲ. ಹಿತ್ತಲಿಗೆ ಹೋಗಿ ಜಾಕ್ ಎತ್ತಿಕೊಂಡು ಬರ್ತಿದ್ರು, ಹೊಸ ಶರಟಿಗೆಲ್ಲ ಗ್ರೀಸು.

"ತಡೆಯೋ," ಅಂದ್ರು ಅತ್ತೆ ಮಗನಿಗೆ. "ಮೊದಲು ಇವಳನ್ನ ಅಳೀಬೇಕು. ಒಂದು ಸ್ಟೂಲ್ ತನ್ನಿ."

ಸ್ಟೂಲ್ ಹತ್ತಿ, ನನ್ನನ್ನ ಗೋಡೆಗೆ ನಿಲ್ಲಿಸಿದ್ರು. ಎರಡೂ ಭುಜ ಹಿಡಿದು ಗೋಡೆಗೆ ಒತ್ತಿದ್ರು. ಗಲ್ಲ ಹಿಡಿದು ಮೇಲೆತ್ತಿದ್ರು. ಮೊಣಕಾಲಿಗೆ ತಮ್ಮ ಕಾಲಲ್ಲೇ ಒಂದು ತಿವಿದು, "ಇದನ್ನೂ" ಅಂದ್ರು. ಬೆನ್ನುಮೂಳೆ ಲಟಲಟ ಅಂತು. ಎಷ್ಟೋ ವರ್ಷದಿಂದ ಮಡಚಿಟ್ಟ ಜಮಖಾನ ಬಿಚ್ಚಿದ ಹಾಗೆ ನಾನು ಒಂದೊಂದೇ ಮಡಿಕೆ ಬಿಚ್ಚಿಕೊಂಡು ನಿಂತೆ. ಮೇಸ್ತ್ರಿ ಗೀಟು ಎಳೆದ, ಬಣ್ಣದಡಿ ಹೋಗಿದ್ದ ಹಳೇ ಗೀಟನ್ನೂ ಕೋಲಿಟ್ಟು ಮತ್ತೆ ಎಳೆದ. ಹಳೇ ಗೀಟಿಗೂ ಹೊಸದಕ್ಕೂ ನಡುವೆ ನನ್ನ ಇಡೀ ಗೇಣು ಆರಾಮಾಗಿ ಕೂತಿತು. ಇಷ್ಟು ದಿನ ಅಷ್ಟನ್ನ ನಾನು ಎಲ್ಲಿ ಬಚ್ಚಿಟ್ಕೊಂಡಿದ್ನೋ!

"ಮತ್ತೆ ನಾಲ್ಕು ಬೆರಳು ಸೇರಿಸಲಾ?" ಅಂದ ಮೇಸ್ತ್ರಿ.

"ನಾಲ್ಕು ಬೆರಳು ನಿಮ್ಮನೆ ಬಾಗಿಲಿಗೆ ಸೇರಿಸ್ಕೋ," ಅಂದ್ರು ಅತ್ತೆ ಸ್ಟೂಲ್ ಮೇಲಿಂದ. "ನನ್ನ ಮೊಮ್ಮಗಳು ಇನ್ನೂ ಬೆಳೀತಿದಾಳೆ. ಒಂದು ಗೇಣು ಸೇರಿಸು."

ಬಂದ ನೆಂಟರು ಊಟಕ್ಕೆ ಮುಂಚೆ ಕೂಲಿಗೆ ನಿಂತ್ರು. ಬಾಗಿಲ ಮೇಲಿನ ಕಲ್ಲಿನ ಸಾಲು ಬಿಚ್ಚಿದ್ರು, ಅಡ್ಡತೊಲೆಯ ಎರಡು ತುದಿಗೂ ಜಾಕ್ ಇಟ್ರು. ಒಂದಕ್ಕೆ ನನ್ನ ಗಂಡ ಕೂತ್ರು. ಇನ್ನೊಂದಕ್ಕೆ ಜನ ಹುಡುಕೋಷ್ಟರಲ್ಲಿ ಭಾವ ಅಂಗಿ ತೋಳು ಮಡಚಿಕೊಂಡು ಬಂದು, "ನನ್ನ ಮುಖ ನೋಡಬೇಡ, ಕೂಗು" ಅಂದ್ರು. ನಾನು ಹಣೆಯ ಬುಗುಟು ಸವರಿಕೊಂಡು ಕೂಗಿದೆ:

"ಒಂದು ಸುತ್ತು!"

ತೊಲೆ ಮೇಲೆ ಹೋಯ್ತು. ನನ್ನ ಹೊಸ ಗೀಟು ದಾಟ್ತು, ಅತ್ತೆಯ ಗೇಣೂ ಮುಟ್ತು. ಮೇಸ್ತ್ರಿ ಕಲ್ಲು ಕೊಟ್ಟು ಬಿಗಿ ಮಾಡಿದ. ಒಳಗಿನ ಬಾಗಿಲುಗಳು ಮುಂದಿನ ದಿನಗಳಲ್ಲಿ ಆದವು. ಇವತ್ತಿಗೂ ನಮ್ಮನೆ ಬಾಗಿಲ ಹಲಗೆಗಳ ಮೇಲ್ತುದಿಯಲ್ಲಿ ಬೇರೆ ಬಣ್ಣದ ಮರದ ಪಟ್ಟಿ ಕಾಣತ್ತೆ. ಯಾರಾದ್ರೂ ಏನಿದು ತೇಪೆ ಅಂತ ಕೇಳಿದ್ರೆ, ಕತೆ ಹೇಳೋಕೆ ಅತ್ತೆಗೆ ಒಂದು ಹೊತ್ತು ಬೇಕು.

ಅವತ್ತು ದೂಳು ಇಳಿದ ಮೇಲೆ ಎಲ್ಲರೂ ಎರಡೂ ಕಡೆ ಸರಿದು ನಿಂತ್ರು. ನಾನು ಹೊರಟೆ. ಅತ್ತೆಯ ಬಾಯಿ ತೆರೀತು, ನಾನು ನೋಡಿದೆ. ಸೆರಗು ಅಡ್ಡ ಹಿಡಿದು ಕೂಗು ನುಂಗಿಕೊಂಡ್ರು. ಕತ್ತು ಎತ್ತಿ, ಕಣ್ಣು ಮುಂದಿಟ್ಟು, ಹೊಸಿಲು ದಾಟಿದೆ. ಏನೂ ತಗುಲಲಿಲ್ಲ. ಹೊರಗೆ ಬಂದು ಮತ್ತೆ ಒಳಗೆ ಹೋದೆ. ಮೂರನೇ ಸಲ ಬೇಕಂತಲೇ ಸ್ವಲ್ಪ ಕುಣಿದುಕೊಂಡು ಹೋದೆ, ಹುಚ್ಚಿ ಅಂದ್ಕೊಳ್ಳಲಿ ಅಂತ.

ನನ್ನ ಹಿಂದೆ ಮಗಳು ಬಂದಳು. ಹೊಸಿಲ ಹತ್ತಿರ ಬರ್ತಿದ್ದ ಹಾಗೇ ಅವಳ ಕತ್ತು ತಾನಾಗಿ ಬಗ್ಗಿತು.

"ಏಯ್!" ಅಂತ ಅತ್ತೆ ಗುಡುಗಿದ್ರು. "ವಾಪಸ್ ಹೋಗು. ಗೇಟಿನಿಂದ ಬಾ. ಇನ್ನೊಂದು ಸಲ ಬಗ್ಗಿದ್ರೆ ಊಟ ಇಲ್ಲ."

ಹುಡುಗಿ ನಗುತ್ತಾ ಗೇಟಿನ ತನಕ ಹೋದಳು. ತಿರುಗಿ ನಿಂತಳು. ಒಂದು ಸಲ ಉಸಿರು ಎಳ್ಕೊಂಡಳು. ಜನರ ನಡುವೆ ನಡೆದುಕೊಂಡು ಬಂದು, ನನ್ನ ಮುಖವನ್ನೇ ನೋಡುತ್ತಾ, ಬಾಗಿಲು ದಾಟಿ ಒಳಗೆ ಬಂದಳು. ಬಗ್ಗಲಿಲ್ಲ.