ನಾಲ್ಕು ದಿನದ ಸುಳ್ಳು

ಒಳಾಂಗಣ ವಿನ್ಯಾಸವೆಂದರೆ ಪರದೆಯ ಬಣ್ಣ ಆರಿಸುವುದು ಎಂದುಕೊಂಡವರು ತಿಂಗಳ ಕೊನೆಯ ದಿನ ನನ್ನ ಮುಖ ನೋಡಬೇಕು. ಕಚೇರಿಯ ಗೋಡೆಗೆ ದೊಡ್ಡ ಹಾಳೆ, ಅದರಲ್ಲಿ ಮುಂದಿನ ತಿಂಗಳ ಮೂವತ್ತು ಚೌಕ, ಐದು ಕಡೆ ಕೆಲಸ, ಒಬ್ಬನೇ ಒಬ್ಬ ಒಳ್ಳೆಯ ಬಡಗಿ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಚೀಟಿ ಅಂಟಿಸುತ್ತೇನೆ, ಕೀಳುತ್ತೇನೆ, ಮತ್ತೆ ಅಂಟಿಸುತ್ತೇನೆ.

ನನ್ನದೊಂದು ಪದ್ಧತಿ ಇದೆ. ಕೆಲಸದವರಿಗೆ ನಿಜವಾದ ತಾರೀಖಿಗಿಂತ ನಾಲ್ಕು ದಿನ ಮೊದಲಿನದು ಹೇಳುತ್ತೇನೆ, ಮನೆ ಮಾಡಿಸುವವರಿಗೆ ನಾಲ್ಕು ದಿನ ಆಮೇಲಿನದು. ನಿಜವಾದದ್ದು ಚೌಕದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಇರುತ್ತದೆ, ನನಗೆ ಮಾತ್ರ ಕಾಣುವಷ್ಟು ಸಣ್ಣದಾಗಿ. ಇದನ್ನು ಸುಳ್ಳು ಎನ್ನುವವರು ಒಂದು ಅಡುಗೆಮನೆ ಮಾಡಿಸಿ ನೋಡಲಿ.

ಹಾಳೆಯ ಅಂಚಿನಲ್ಲಿ ಒಂದು ಹಳೆಯ ಚೀಟಿಯೂ ಇದೆ. 'ಅಮ್ಮನ ಕಿಟಕಿ.' ನಾಲ್ಕು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದಾಗ, ಮಲಗಿದಲ್ಲಿಂದಲೇ ಬೀದಿ ಕಾಣುವಂತೆ ಕಿಟಕಿಯನ್ನು ಎರಡಡಿ ಕೆಳಗಿಳಿಸಿಕೊಡು ಎಂದು ಕೇಳಿದ್ದಳು. ಬಡಗಿಗೆ ಅಳತೆ ಕೊಟ್ಟೆ, ಆಮೇಲೆ ಮನೆಯ ಕೆಲಸ ತಾನೇ ಎಂದು ಮುಂದಿನ ತಿಂಗಳಿಗೆ ಹಾಕಿದೆ, ಅಲ್ಲಿಂದ ಅದರ ಮುಂದಿನದಕ್ಕೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಮೂರನೆಯ ತಿಂಗಳು ಅಮ್ಮ ಹೋದಳು. ಹಾಳೆ ಬದಲಾದಾಗಲೆಲ್ಲ ಆ ಚೀಟಿಯನ್ನೂ ಹೊಸದಕ್ಕೆ ಅಂಟಿಸುತ್ತೇನೆ.

ಈ ಸಲ ಅಲುಗಾಡಿಸಬಾರದ ಚೀಟಿ ಅಕ್ಕನ ಮನೆಯದು. ಭಾವ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಹದಿನೆಂಟಕ್ಕೆ ಆಸ್ಪತ್ರೆಯಿಂದ ಬಿಡುತ್ತಾರೆ, ವೀಲ್‌ಚೇರ್‌ನಲ್ಲೇ ಮನೆಗೆ ಬರುವುದು ಎಂದು ಅಕ್ಕ ಹೇಳಿದ್ದಳು. ವೀಲ್‌ಚೇರ್ ಇಪ್ಪತ್ತಾರು ಅಂಗುಲ, ಬಚ್ಚಲಮನೆಯ ಬಾಗಿಲು ಇಪ್ಪತ್ತನಾಲ್ಕು. ಗೋಡೆ ಒಡೆಯಬೇಕು, ಗಾರೆ ಒಣಗಬೇಕು, ಹೊಸ ಚೌಕಟ್ಟು ಕೂರಬೇಕು. ಇಲ್ಲದಿದ್ದರೆ ಎಂಬತ್ತು ಕಿಲೋ ತೂಗುವ ಭಾವನನ್ನು ಮಂಡಿನೋವಿನ ಅಕ್ಕ ದಿನಕ್ಕೆ ಐದಾರು ಸಲ ಎತ್ತಿ ಇಳಿಸಬೇಕು. ಅಮ್ಮನಿಗೆ ಮಾಡಿದ್ದನ್ನು ಇನ್ನೊಮ್ಮೆ ಮಾಡಿದರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ.

ನಮ್ಮ ಬಡಗಿಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ನಾಳೆಯಣ್ಣ. ಒಂದನೇ ತಾರೀಖೇ ಅವನಿಗೆ ಫೋನ್ ಮಾಡಿದೆ.

"ಅಕ್ಕನ ಮನೆ ಬಾಗಿಲು ಹದಿನೆಂಟಕ್ಕೆ ಆಗಲೇಬೇಕು. ಇದು ನಿಜವಾದ ತಾರೀಖು."

"ಆಯ್ತು ಮೇಡಂ. ಇಪ್ಪತ್ತೆರಡಕ್ಕೆ ಮುಗಿಸ್ಕೊಡ್ತೀನಿ."

"ಹದಿನೆಂಟು ಅಂದೆ."

"ಕೇಳಿಸ್ತು. ಹದಿನೆಂಟು ಅಂದ್ರೆ ಇಪ್ಪತ್ತೆರಡು. ಹನ್ನೆರಡು ವರ್ಷದಿಂದ ನಿಮ್ಮ ಜೊತೆ ಇದ್ದೀನಿ, ಅಷ್ಟು ಗೊತ್ತಾಗಲ್ವಾ? ಗಾರೆಯವನಿಗೂ ಗೊತ್ತು, ಬಣ್ಣದವನಿಗೂ ಗೊತ್ತು."

"ಹಾಗಾದ್ರೆ ಹದಿನಾಲ್ಕು ಅಂತ ಇಟ್ಕೋ."

"ಈಗ ಹೇಳ್ಬಿಟ್ರಲ್ಲ ಮೇಡಂ."

ನಾನು ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರುವವರು. ಸಿಟ್ಟಿನಲ್ಲಿ ಫೋನಿಟ್ಟೆ.

ಒಂಬತ್ತನೇ ತಾರೀಖಿನವರೆಗೂ ಅಕ್ಕನ ಮನೆಯಲ್ಲಿ ಒಂದು ಇಟ್ಟಿಗೆಯೂ ಬೀಳಲಿಲ್ಲ. ದಿನಕ್ಕೆರಡು ಸಲ ಹೋಗಿ ಆ ಬಾಗಿಲನ್ನು ಅಳೆದು ಬರುತ್ತಿದ್ದೆ, ಅಳೆದರೆ ಅದೇನು ಅಗಲವಾಗುತ್ತದೆಯೇ? ಕೊನೆಗೆ ನಾಳೆಯಣ್ಣನ ಮರಗೆಲಸದ ಶೆಡ್ಡಿಗೇ ಹೋಗಿ ಹಲಗೆಗಳ ಮೇಲೆ ಕೂತೆ. ಅವನು ದಂತವೈದ್ಯರ ಹೊಸ ಕ್ಲಿನಿಕ್ಕಿನ ಕಪಾಟನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಅದೂ ನಾನೇ ಕೊಟ್ಟ ಕೆಲಸ.

"ಇದನ್ನ ಬಿಟ್ಟು ಬಾ. ವೈದ್ಯರಿಗೆ ನಾನು ಹೇಳ್ಕೋತೀನಿ."

"ನಾಳೆ ನೋಡೋಣ ಮೇಡಂ."

ಬೈಯಲೆಂದು ಎದ್ದು ನಿಂತೆ. ಅವನ ಹಿಂದೆ, ಗೋಡೆಗೆ ಒರಗಿಸಿದ ಹಳೆಯ ಮರದ ನಡುವೆ, ಒಂದು ಕಿಟಕಿಯ ಚೌಕಟ್ಟು ಇತ್ತು. ಉದ್ದ, ತಗ್ಗು, ಮೈಯೆಲ್ಲ ಮರದ ಪುಡಿ. ಅಳತೆ ನಾನೇ ಕೊಟ್ಟದ್ದು, ನನಗೆ ಗುರುತು ಹತ್ತದೇ ಇದ್ದೀತೆ? ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡುವಷ್ಟು ತಾಳ್ಮೆ ಉಳಿದಿರಲಿಲ್ಲ.

ನಾಳೆಯಣ್ಣ ತಿರುಗಿ ನೋಡಿದ. "ಬೇರೆ ಯಾರ ಮನೆಗೂ ಆ ಅಳತೆ ಹೊಂದಲಿಲ್ಲ" ಎಂದ. ಕೈಯಲ್ಲಿದ್ದ ಕಾಗದ ಕೆಳಗಿಟ್ಟ. "ಗಾರೆಯವನಿಗೆ ಫೋನ್ ಹಚ್ಚಿ ಮೇಡಂ. ಇವತ್ತೇ ಒಡೆಯೋಣ."

ಹನ್ನೆರಡು ವರ್ಷದಲ್ಲಿ ಅವನ ಬಾಯಿಂದ 'ಇವತ್ತೇ' ಕೇಳಿದ್ದು ಅದೇ ಮೊದಲು.

ದಂತವೈದ್ಯರು ಸುಮ್ಮನೆ ಬಿಡಲಿಲ್ಲ. "ಹಲ್ಲುನೋವು ಅಂತ ಬಂದವರಿಗೆ ನಾನು ಮುಂದಿನ ವಾರ ಬನ್ನಿ ಅಂತೀನಾ?" ಎಂದರು. ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಕೇಳಿಕೊಂಡೆ. ಇಪ್ಪತ್ತರ ಉದ್ಘಾಟನೆಯನ್ನು ಅವರು ಮುಂದಕ್ಕೆ ಹಾಕಿದರು, ಇನ್ನು ಮೇಲೆ ನಿಮ್ಮ ಸಹವಾಸ ಬೇಡ ಎಂದೂ ಹೇಳಿದರು.

ಹದಿನೇಳರ ಸಂಜೆ ಬಾಗಿಲು ಮೂವತ್ತಂಗುಲವಾಗಿ ನಿಂತಿತು. ಬಾಡಿಗೆಗೆ ತಂದ ವೀಲ್‌ಚೇರ್‌ನಲ್ಲಿ ನಾನೇ ಕೂತು ಎರಡು ಸಲ ಒಳಗೆ ಹೋಗಿ ಬಂದೆ. ಮರುದಿನ ಬೆಳಿಗ್ಗೆ ಎಂಟಕ್ಕೇ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಮನೆಯುಡುಪಿನಲ್ಲೇ ಮೇಜಿನ ಮುಂದೆ ಕೂತು ಬೀನ್ಸ್ ಮುರಿಯುತ್ತಿದ್ದಳು.

"ಇನ್ನೂ ಹೊರಟಿಲ್ವಾ ಅಕ್ಕ? ಭಾವನ್ನ ಎಷ್ಟು ಹೊತ್ತಿಗೆ ಬಿಡ್ತಾರೆ?"

"ಇಪ್ಪತ್ತೆರಡಕ್ಕೆ."

"ಮುಂದಕ್ಕೆ ಹಾಕಿದ್ರಾ?"

"ಇಲ್ಲ. ಡಾಕ್ಟರು ಮೊದಲಿಂದ ಇಪ್ಪತ್ತೆರಡು ಅಂತಾನೇ ಹೇಳಿದ್ದು. ನಿನಗೆ ಮಾತ್ರ ನಾಲ್ಕು ದಿನ ಮೊದಲಿನ ತಾರೀಖು ಹೇಳಿದ್ದೆ."

ನನಗೆ ಮೈಯೆಲ್ಲ ಉರಿಯಿತು. "ನಿನ್ನ ಬಾಗಿಲಿಗೋಸ್ಕರ ಒಂದು ಕ್ಲಿನಿಕ್ ಕೈಬಿಟ್ಟೆ ಅಕ್ಕ. ಒಡಹುಟ್ಟಿದವಳಿಗೆ ಸುಳ್ಳು ತಾರೀಖು ಹೇಳ್ತೀಯಾ?"

ಅಕ್ಕ ತಲೆ ಎತ್ತಲಿಲ್ಲ. ಒಂದು ಬೀನ್ಸಿನ ನಾರು ತೆಗೆದು ಪಕ್ಕಕ್ಕಿಟ್ಟಳು.

"ಅಮ್ಮನಿಗೆ ಇನ್ನು ಮೂರೇ ತಿಂಗಳು ಅಂತ ಡಾಕ್ಟರು ಹೇಳಿದ್ದನ್ನ ಹಾಗೇ ಬಂದು ನಿನಗೆ ಹೇಳಿದ್ದೆ" ಎಂದಳು. "ನಿನಗೆ ನಿಜವಾದ ತಾರೀಖು ಹೇಳಿದ್ದು ಅದೇ ಕೊನೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಬೈಯಲಿಲ್ಲ. ತಟ್ಟೆಯನ್ನು ಇಬ್ಬರ ನಡುವೆ ಸರಿಸಿ, "ಹೇಗಿದ್ರೂ ನಾಲ್ಕು ದಿನ ಮಿಕ್ಕಿದೆಯಲ್ಲ, ಕೂತ್ಕೋ" ಎಂದಳು. ಚೀಲದಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ.