ಬಜೆಯ ಡಬ್ಬಿಯಲ್ಲಿ ಸೇರಿಕೊಂಡವಳು

ಆರಿದ್ರಾ ಮಳೆ ಹಿಡಿದಿತ್ತು. ಎಸ್ಟೇಟ್ ಬಂಗಲೆಯ ಆಳುಗಳು ಮೊಣಕಾಲುದ್ದ ನೀರಲ್ಲಿ ನಿಂತು ಕೊಳದ ಹೂಳು ಎತ್ತುತ್ತಿದ್ದರು. ಗುದ್ದಲಿಯ ಏಟಿಗೆ ತಾಯಿಗೆಡ್ಡೆಯಿಂದ ಮುರಿದು ಹಳ್ಳಕ್ಕೆ ಬಿದ್ದ ತುಂಡೇ ನಾನು. ಜೌಗಿನಲ್ಲಿ ಹಳದಿ ಹೂ ಬಿಡುವ ಕುಲ ನಮ್ಮದು. ಬಂಗಲೆಯವರು ಐರಿಸ್ ಅನ್ನುತ್ತಿದ್ದರು. ಅಬ್ಬಾ, ಆ ಹಳ್ಳದ ಓಟವೇ! ಬಂಡೆಗೆ ಬಡಿದು, ಬೇರಿಗೆ ಸಿಕ್ಕಿ, ಉರುಳುರುಳಿ ಕೊನೆಗೆ ಬೈರಕ್ಕನ ಗದ್ದೆಯಂಚಿನ ಬಜೆ ಪಾತಿಯಲ್ಲಿ ಬಂದು ನಿಂತೆ.

ಬಜೆಯ ಎಲೆಯೂ ನನ್ನ ಎಲೆಯೂ ಒಂದೇ ಥರ, ಕತ್ತಿಯ ಹಾಗೆ ನೆಟ್ಟಗೆ. ಬೈರಕ್ಕನಿಗೆ ಗುರುತೇ ಹತ್ತಲಿಲ್ಲ. ನಾನು ಹೂ ಬಿಡುವ ಮೊದಲೇ ಅವಳು ಪಾತಿ ಕಿತ್ತಳು. ಎಲೆ ಕೊಯ್ದು, ಗೋಣಿಯ ಮೇಲೆ ಉಜ್ಜಿ, ನೆರಳಲ್ಲಿ ಆರಿಸಿ, ಬಜೆಯ ಜೊತೆಗೇ ನನ್ನನ್ನೂ ಡಬ್ಬಿಗೆ ತುಂಬಿದಳು. ಅಲ್ಲಿ ಬಜೆಯ ಘಾಟು ನನ್ನ ಮೈಗೆಲ್ಲ ಹತ್ತಿತು. ನನಗೋ ಹಿಗ್ಗು, ನಾನೂ ಅವರ ಪೈಕಿಯೇ ಆದೆನಲ್ಲ ಅಂತ!

ಅಷ್ಟರಲ್ಲೇ ಬೇಲಿಯಾಚೆಯ ದೇವೀರಮ್ಮ ಬಂದಳು. ಮಗಳು ರತ್ನ ಹೆತ್ತು ಮಲಗಿದ್ದಳು.

"ಬೈರಕ್ಕ, ಒಂದು ತುಂಡು ಬಜೆ ಕೊಡೇ. ಕೂಸಿಗೆ ಮಾತು ಚೆನ್ನಾಗಿ ಬರ್ಲಿ."

"ನಿನ್ನ ಮೊಮ್ಮಗಳಿಗೆ ಮಾತಿಗೆ ಬರವಾ? ಬಾಯಿ ಕಟ್ಟೋಕೆ ಏನಾದ್ರೂ ಕೇಳು, ಕೊಡ್ತೀನಿ."

ನಗುತ್ತಲೇ ಡಬ್ಬಿಗೆ ಕೈ ಹಾಕಿ ಅವಳು ಎತ್ತಿಕೊಟ್ಟದ್ದು ನನ್ನನ್ನು.

ಮನೆಗೆ ಬಂದು, ಕಲ್ಲಿನ ಮೇಲೆ ರತ್ನಳ ಎದೆಹಾಲು ಎರಡು ತೊಟ್ಟು ಬಿಟ್ಟು ದೇವೀರಮ್ಮ ತೇಯತೊಡಗಿದಳು. ರತ್ನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಆಗ ತಿಳಿಯಿತು, ನಾನು ಹೋಗುವುದು ಎಲ್ಲಿಗೆ ಅಂತ! ಎಮ್ಮೆಯೂ ಮೂಸಿ ಬಿಟ್ಟುಹೋಗುವ ವಿಷ ನನ್ನ ರಸದಲ್ಲಿದೆ. ಕೂಗೋಣವೆಂದರೆ ಬಾಯಿಲ್ಲ, ಓಡೋಣವೆಂದರೆ ಕಾಲಿಲ್ಲ.

"ಬೇಗ ನೆಕ್ಸವ್ವಾ, ಅಳ್ತಾ ಬಾಯಿ ತೆಗ್ದಿದೆ."

ಬೆರಳು ತುಟಿಯ ಹತ್ತಿರ ಬಂದೇ ಬಿಟ್ಟಿತು. ಅಲ್ಲಿ ನಿಂತಿತು.

"ತಡಿಯೇ. ತೇದವರ ನಾಲಿಗೆ ಮೊದಲು. ನಮ್ಮತ್ತೆ ಕಾಲದಿಂದ ಬಂದಿದ್ದು."

"ಈಗ ಅದೊಂದು ಶಾಸ್ತ್ರ!"

ದೇವೀರಮ್ಮ ಬೆರಳನ್ನು ತನ್ನ ನಾಲಿಗೆಗೇ ಒತ್ತಿದಳು. ಮರುಗಳಿಗೆಗೆ "ಥೂ! ಥೂ! ಬೆಂಕಿ! ಕೂಸನ್ನ ಒಳಗೆ ತಗೊಂಡು ಹೋಗೇ!" ಎನ್ನುತ್ತ ನೀರಿನ ಹಂಡೆಗೆ ಓಡಿದಳು. ಬದುಕಿತು! ಕೂಸು ಬದುಕಿತು! ಕಲ್ಲಿನ ಮೇಲೇ ಕುಣಿಯುವಷ್ಟಾಯಿತು ನನಗೆ.

ಕೂಗು ಕೇಳಿ ಬಂದ ಬೈರಕ್ಕ ನನ್ನ ಅಂಚು ಕಚ್ಚಿ ಉಗಿದಳು. ನಗು ಸತ್ತಿತ್ತು. ಮನೆಗೆ ಹೋಗಿ ಡಬ್ಬಿ ಸುರಿದುಕೊಂಡು, ಒಂದೊಂದೇ ತುಂಡನ್ನು ತನ್ನ ನಾಲಿಗೆಗೆ ಮುಟ್ಟಿಸಿ ನೋಡುತ್ತ ಸಂಜೆಯವರೆಗೆ ಕೂತಳಂತೆ.

ನನ್ನನ್ನು ದೇವೀರಮ್ಮನ ಬಚ್ಚಲ ಹಿಂದಿನ ಕೊಚ್ಚೆಗೆ ಎಸೆದರು. ಒಳಗೆ ಜೀವ ಹಸಿಯಾಗಿತ್ತು, ಚಿಗುರಿದೆ. ಈಗ ನನ್ನದೊಂದು ದೊಡ್ಡ ಪೊದೆ. ವಯಸ್ಸಾಯಿತು, ನಡುಗೆಡ್ಡೆ ಟೊಳ್ಳಾಗಿದೆ. ಆದರೂ ವರ್ಷಾ ವರ್ಷಾ ಹಳದಿ ಹೂ ಎತ್ತಿ ಹಿಡಿಯುತ್ತೇನೆ. ದೇವೀರಮ್ಮನ ನಾಲಿಗೆಯ ಋಣ ತೀರಿಸಲು ನನಗೆ ಬರುವುದು ಅದೊಂದೇ. ಅವಳು ಹೂವಿನ ಕಡೆ ತಿರುಗಿಯೂ ನೋಡುವುದಿಲ್ಲ. ಪಾತ್ರೆ ತೊಳೆದ ನೀರನ್ನು ಮಾತ್ರ ದಿನವೂ ನನ್ನ ಬುಡಕ್ಕೇ ಸುರಿದು ಹೋಗುತ್ತಾಳೆ. ಋಣ ಇನ್ನಷ್ಟು ಏರುತ್ತದೆ.